ಆಪರೇಟಿಂಗ್ ಸಿಸ್ಟಮ್ ನನಗೆ ಅರ್ಥವಾಗಿದ್ದು ಎಕ್ಸ್‌ವಿ6 ಓದಿ

ಶೆಡ್ಯೂಲಿಂಗ್, ಪೇಜಿಂಗ್, ಡೆಡ್‌ಲಾಕ್ ಅಂತ ಪರೀಕ್ಷೆಗೆ ಓದಿ ಬರೆದಿದ್ದೆ. ಆದರೆ ಒಂದು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ನಿಂತು ಇನ್ನೊಂದು ಓಡುವಾಗ ಒಳಗೆ ನಿಜಕ್ಕೂ ಏನಾಗುತ್ತದೆ ಅನ್ನೋದು ಗೊತ್ತಾಗಿದ್ದು ಎಕ್ಸ್‌ವಿ6 ಕೋಡ್ ಓದಿದ ಮೇಲೆ. ಪಾಠಕ್ಕೆಂದೇ ಎಂಐಟಿಯಲ್ಲಿ ಬರೆದ ಪುಟ್ಟ, ಯುನಿಕ್ಸ್ ಮಾದರಿಯ ಆಪರೇಟಿಂಗ್ ಸಿಸ್ಟಮ್ ಇದು. ಲಿನಕ್ಸ್‌ನಲ್ಲಿ ಕೋಟಿಗೂ ಜಾಸ್ತಿ ಸಾಲುಗಳಿವೆ, ಇದರ ಕರ್ನಲ್, ಅಂದರೆ ಸಿಸ್ಟಮ್‌ನ ತಿರುಳಿನ ಕೋಡ್, ಹತ್ತು ಸಾವಿರ ಸಾಲಿನೊಳಗೆ ಮುಗಿಯುತ್ತದೆ. ಬೇರೆ ಯಂತ್ರವೂ ಬೇಡ, ಯಂತ್ರವನ್ನು ಅನುಕರಿಸುವ ಕ್ಯೂಎಮು ಅನ್ನೋ ಸಾಫ್ಟ್‌ವೇರ್‌ನಲ್ಲಿ ಓಡುತ್ತದೆ.

ಮೊದಲು ಪ್ರೋಸೆಸ್ ಬದಲಿಸುವ ಅಸೆಂಬ್ಲಿ ಕೋಡ್ ನೋಡಿ. ರಿಸ್ಕ್-ವಿ ಅನ್ನೋ ಪ್ರೊಸೆಸರ್ ಬಗೆಗೆ ಬರೆದ ಆವೃತ್ತಿಯಲ್ಲಿ 14 ರಿಜಿಸ್ಟರ್‌ಗಳನ್ನು (ಸಿಪಿಯು ಒಳಗೇ ಬೆಲೆ ಇಟ್ಟುಕೊಳ್ಳುವ ಜಾಗಗಳು) ಮೆಮೊರಿಗೆ ಬರೆಯುತ್ತದೆ, ಬೇರೆ 14 ಬೆಲೆಗಳನ್ನು ಓದಿಕೊಳ್ಳುತ್ತದೆ, ಆಮೇಲೆ ಒಂದು ರಿಟರ್ನ್. ಅಷ್ಟೇ! ಸ್ಟ್ಯಾಕ್ ಪಾಯಿಂಟರ್, ರಿಟರ್ನ್ ಅಡ್ರೆಸ್ ಎರಡೂ ಬದಲಾಗಿರುವುದರಿಂದ ಆ ರಿಟರ್ನ್ ಬೇರೆಯದೇ ಜಾಗಕ್ಕೆ ಹೋಗಿ ಇಳಿಯುತ್ತದೆ.

ಬರೀ ಓದಿದರೆ ಸಾಲದು, ಏನಾದರೂ ಒಂದನ್ನು ಬದಲಿಸಬೇಕು. ನಾನು ಆರಿಸಿಕೊಂಡಿದ್ದು ಫೋರ್ಕ್, ಅಂದರೆ ಒಂದು ಪ್ರೋಸೆಸ್‌ನಿಂದ ಇನ್ನೊಂದನ್ನು ಹುಟ್ಟಿಸುವ ಕರೆ. ಅದು ಅಪ್ಪ ಪ್ರೋಸೆಸ್‌ನ ಮೆಮೊರಿಯನ್ನೆಲ್ಲ ಮಗುವಿಗೆ ನಕಲು ಮಾಡುತ್ತದೆ, ಕಮಾಂಡ್ ಓಡಿಸುವ ಶೆಲ್‌ನಲ್ಲಾದರೆ ಮಗು ತಕ್ಷಣ ಎಕ್ಸೆಕ್ (ಬೇರೆ ಪ್ರೋಗ್ರಾಮನ್ನು ತುಂಬಿಕೊಳ್ಳುವ ಕರೆ) ಕರೆದು ಅದನ್ನೆಲ್ಲ ಬಿಸಾಡುತ್ತದೆ. ಸುಮ್ನೆ ದಂಡ ಅಲ್ವಾ? ಹಾಗಾಗಿ ಇಬ್ಬರಿಗೂ ಅದೇ ಪೇಜ್ (ಮೆಮೊರಿಯ ಒಂದು ತುಂಡು) ತೋರಿಸಿ, ಯಾವ ವಿಳಾಸ ಯಾವ ಪೇಜಿಗೆ ಅಂತ ಹೇಳುವ ಇಬ್ಬರ ಪೇಜ್ ಟೇಬಲ್‌ನಲ್ಲೂ ಬರೆಯುವ ಅನುಮತಿ ತೆಗೆದೆ. ಯಾರಾದರೂ ಬರೆಯಲು ಹೋದರೆ ಹಾರ್ಡ್‌ವೇರ್ ತಡೆದು ಕರ್ನಲ್‌ಗೆ ತಿಳಿಸುತ್ತದೆ, ಇದೇ ಪೇಜ್ ಫಾಲ್ಟ್; ರಿಸ್ಕ್-ವಿಯಲ್ಲಿ ಅದರ ಕಾರಣದ ಸಂಖ್ಯೆ 15. ಆಗ ಮಾತ್ರ ಹೊಸದಾಗಿ 4096 ಬೈಟ್‌ನ ಪೇಜ್ ತಂದು, ನಕಲು ಮಾಡಿ, ಅನುಮತಿ ವಾಪಸ್ ಕೊಟ್ಟರಾಯಿತು. ಒಂದು ಪೇಜನ್ನು ಎಷ್ಟು ಜನ ಹಂಚಿಕೊಂಡಿದ್ದಾರೆ ಅನ್ನುವ ಲೆಕ್ಕವೂ ಇರಬೇಕು, ಇಲ್ಲದಿದ್ದರೆ ಒಬ್ಬ ಸತ್ತಾಗ ಇನ್ನೊಬ್ಬನ ಮೆಮೊರಿಯೂ ಹೋಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ, ನನಗೆ ತುಂಬಾ ಹಿಡಿಸಿದ್ದು ಇದೇ. ರೀಡ್ ಸಿಸ್ಟಮ್ ಕಾಲ್‌ನಲ್ಲಿ ಪ್ರೋಗ್ರಾಮಿನ ಬಫರ್‌ಗೆ ಬರೆಯೋದು ಕರ್ನಲ್. ಎಕ್ಸ್‌ವಿ6ರಲ್ಲಿ ಕರ್ನಲ್‌ಗೆ ತನ್ನದೇ ಪೇಜ್ ಟೇಬಲ್ ಇದೆ, ಪ್ರೋಗ್ರಾಮಿನ ವಿಳಾಸವನ್ನು ಅದು ಕೋಡ್ ಮೂಲಕವೇ ಹುಡುಕಿಕೊಳ್ಳುತ್ತದೆ. ಹಾಗಾಗಿ ಅಲ್ಲಿ ಫಾಲ್ಟ್ ಬರೋದೇ ಇಲ್ಲ! ಪೇಜ್ ಹಂಚಿಕೆಯದಾ ಅಂತ ನೋಡೋದು, ನಕಲು ಮಾಡೋದು ಎರಡನ್ನೂ ಆ ಜಾಗದಲ್ಲಿ ನಾವೇ ಬರೆಯಬೇಕು. ಹಾರ್ಡ್‌ವೇರ್ ಯಾವುದನ್ನು ಕಾಯುತ್ತದೆ, ಯಾವುದನ್ನು ಕಾಯೋದಿಲ್ಲ ಅನ್ನೋದು ಇಷ್ಟು ಸ್ಪಷ್ಟವಾಗಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ನೀವೂ ಮಾಡುವುದಾದರೆ ಮೊದಲು ಒಂದೇ ಸಿಪಿಯು ಇಟ್ಟುಕೊಂಡು ಜಿಡಿಬಿಯಲ್ಲಿ (ಪ್ರೋಗ್ರಾಮನ್ನು ನಿಲ್ಲಿಸಿ ಒಳಗೆ ನೋಡುವ ಸಾಧನ) ಟ್ರ್ಯಾಪ್ ಕೋಡ್, ಅಂದರೆ ಫಾಲ್ಟ್ ಬಂದಾಗ ಓಡುವ ಕೋಡ್ ಹತ್ತಿರ ನಿಲ್ಲಿಸಿ ನೋಡಿ. ಅದು ಸರಿಹೋದ ಮೇಲೆ ಮೂರು ಸಿಪಿಯು ಕೊಟ್ಟು, ಎಕ್ಸ್‌ವಿ6 ಜೊತೆಗೇ ಬರುವ ಯೂಸರ್‌ಟೆಸ್ಟ್ಸ್ ಅನ್ನೋ ಪರೀಕ್ಷಾ ಪ್ರೋಗ್ರಾಮ್ ಓಡಿಸಿ. ಎರಡು ಸಿಪಿಯು ಒಟ್ಟಿಗೆ ಬದಲಿಸದಂತೆ ಹಂಚಿಕೆಯ ಲೆಕ್ಕಕ್ಕೆ ಲಾಕ್ ಹಾಕೋದನ್ನು ಮಾತ್ರ ಮರೆಯಬೇಡಿ.