ಚೆಂಡು, ಅಟ್ಟೆ ಮತ್ತು ನಾನು ಬಿಡಿಸಿದ ಗಣಿತ

ಕಟಪಾಡಿ ಹತ್ತಿರದ ಹೈಸ್ಕೂಲೊಂದರಲ್ಲಿ ನಾನು ಗಣಿತ ಮೇಷ್ಟ್ರು. ವಿಶೇಷ ಶಿಕ್ಷಣದಲ್ಲಿ ನನಗೆ ಯಾವ ಡಿಗ್ರಿಯೂ ಇಲ್ಲ. ಕಲಿಕೆಯಲ್ಲಿ ತೊಂದರೆ ಇರುವ ಮಕ್ಕಳಿಗೆ ಎಂಟರಿಂದ ಹತ್ತರವರೆಗಿನ ಪಾಠ ಹೊಂದಿಸುವುದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಹಾಗಾಗಿ ಮೊದಲ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಶಂಕರಪುರ ಕಡೆಯ ಹುಡುಗಿ. ಮನೆಯಲ್ಲಿ ಮಲ್ಲಿಗೆ ಗಿಡ, ಶಾಲೆಗೆ ಬರುವ ಮೊದಲು ಹೂ ಕೊಯ್ದು ಬರುತ್ತಿದ್ದಳು. ಒಂಬತ್ತಕ್ಕೆ ಬಂದರೂ 17 ಎಂದರೆ 71 ಬರೆಯುತ್ತಿದ್ದಳು. ಬೋರ್ಡಿನ ಲೆಕ್ಕ ಪುಸ್ತಕಕ್ಕೆ ಇಳಿಯುವಷ್ಟರಲ್ಲಿ ಪ್ಲಸ್ ಮೈನಸ್ ಆಗಿರುತ್ತಿತ್ತು. 'ಮನೆಯಲ್ಲಿ ತುಳು, ಇಲ್ಲಿ ಕನ್ನಡ, ಅದಕ್ಕೇ ಹಿಂದೆ ಬಿದ್ದಿದ್ದಾಳೆ' ಎಂದು ಸ್ಟಾಫ್ ರೂಮಿನಲ್ಲಿ ನಾವೇ ತೀರ್ಮಾನ ಮಾಡಿಬಿಟ್ಟಿದ್ದೆವು. ಅರ್ಧ ಕ್ಲಾಸಿನ ಮನೆಮಾತೂ ತುಳುವೇ, ಅವರೆಲ್ಲ ಸರಿಯಾಗಿಯೇ ಬರೆಯುತ್ತಾರಲ್ಲ ಎಂಬುದು ಯಾರ ತಲೆಗೂ ಹೋಗಲಿಲ್ಲ.

ಕೊನೆಗೆ ಬಿಆರ್‌ಸಿಯಿಂದ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ, ಬರುವ ಸಂಪನ್ಮೂಲ ಶಿಕ್ಷಕಿ ಅವಳ ನೋಟ್ ಪುಸ್ತಕ ತಿರುವಿ ನೋಡಿ, ತಪಾಸಣೆಗೆ ಕಳಿಸಿ ಎಂದರು. ಡಿಸ್ಕ್ಯಾಲ್ಕುಲಿಯಾ, ಅಂದರೆ ಅಂಕೆ-ಲೆಕ್ಕಕ್ಕೆ ಸಂಬಂಧಿಸಿದ ಕಲಿಕಾ ನ್ಯೂನತೆ, ಎಂದು ವರದಿ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ತೊಂದರೆಗಳನ್ನು ಗುರುತಿಸಿದೆ, ಕಲಿಕಾ ನ್ಯೂನತೆಯೂ ಅದರಲ್ಲಿ ಒಂದು. ಸರ್ಟಿಫಿಕೇಟ್, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಅಂತ ಅವಳ ಅಮ್ಮ ಓಡಾಡಿದ್ದು ಸ್ವಲ್ಪವಲ್ಲ. ಒಂದೊಂದು ಓಡಾಟಕ್ಕೂ ಒಂದು ದಿನದ ಹೂ ಕಟ್ಟುವ ಕೆಲಸ ಹೋಗುತ್ತಿತ್ತು.

ಎಸ್ಸೆಸ್ಸೆಲ್ಸಿಯಲ್ಲಿ ಇಂಥ ಮಕ್ಕಳಿಗೆ ಬದಲಿ ವಿಷಯ ತೆಗೆದುಕೊಳ್ಳುವ ಅವಕಾಶ ಇದೆ. ಪರೀಕ್ಷೆಯ ವೇಳಾಪಟ್ಟಿ ನೋಡಿದವರಿಗೆ ಗೊತ್ತಿರುತ್ತದೆ, ಗಣಿತದ ಪಕ್ಕದಲ್ಲೇ ಸಮಾಜಶಾಸ್ತ್ರ ಅಂತ ಇರುತ್ತದೆ. ವಿಜ್ಞಾನದ ಪಕ್ಕ ರಾಜ್ಯಶಾಸ್ತ್ರ, ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತ. ನಾನೇ ಮುಂದೆ ನಿಂತು ಅವಳಿಗೆ ಗಣಿತ ಬಿಡಿಸಿ ಸಮಾಜಶಾಸ್ತ್ರ ಕೊಡಿಸಿದೆ. ನಿಜ ಹೇಳಬೇಕೆಂದರೆ ನನಗೂ ಹಾಯೆನಿಸಿತು. ಅವಳಿಗೂ ಅಷ್ಟೇ, ನನ್ನ ಪೀರಿಯಡ್ಡಿನಲ್ಲಿ ಲೈಬ್ರರಿಯಲ್ಲಿ ಕೂತಿರುತ್ತಿದ್ದಳು.

ಮಾರ್ಚ್ ಮೊದಲ ವಾರ ಒಂದು ಸಹಿಗಾಗಿ ಅವಳ ಮನೆಗೆ ಹೋದೆ. ಜಗಲಿಯಲ್ಲಿ ಬಾಳೆನಾರು ಹಿಡಿದು ಹೂ ಕಟ್ಟುತ್ತಾ ಕೂತಿದ್ದಳು. ನಮ್ಮ ಕಡೆ ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುವುದಿಲ್ಲ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಹೂ ಮಾರುವ ಕಟ್ಟೆಯಲ್ಲಿ ದರ ದಿನಾ ಬದಲಾಗುತ್ತದೆ. ಆ ದಿನ ಅಟ್ಟೆಗೆ 960 ರೂಪಾಯಿ ಇತ್ತು. ಅಮ್ಮ ಒಳಗಿನಿಂದ 'ಒಂದು ಅಟ್ಟೆ ಮೂರು ಚೆಂಡಿಗೆ ಎಷ್ಟಾಯ್ತು?' ಎಂದು ತುಳುವಿನಲ್ಲಿ ಕೇಳಿದರು. ಇವಳು ತಲೆ ಎತ್ತದೆ '1,680' ಅಂದಳು. ಹೇಗೆ ಮಾಡಿದೆ ಎಂದೆ. 'ಎರಡು ಅಟ್ಟೆಯ ದುಡ್ಡು ಹಿಡಿದು ಒಂದು ಚೆಂಡಿನದ್ದು ಕಳೆಯೋದು ಸರ್.'

ಅನುಪಾತ, ಭಿನ್ನರಾಶಿ, ಅಂದಾಜು ಎಲ್ಲ ಅಲ್ಲೇ ಇತ್ತು. ಅವಳಿಗೆ ಬಾರದಿದ್ದದ್ದು ಅಂಕೆ ಬರೆಯಲು ಮಾತ್ರ. ಅಷ್ಟು ಹೊತ್ತಿಗೆ ನೋಂದಣಿ ಮುಗಿದು ತಿಂಗಳುಗಳೇ ಆಗಿದ್ದವು. ಸಮಾಜಶಾಸ್ತ್ರ ಬರೆದು ಪಾಸಾದಳು. ನಾನು ಮಾತ್ರ ಆ 1,680 ಅನ್ನು ಇವತ್ತಿಗೂ ಮರೆತಿಲ್ಲ.

ಮುಂದಿನ ಸಲ ಬಂದವನು ಪಿತ್ರೋಡಿ ಕಡೆಯ ಹುಡುಗ. ಅವನದೂ ಹೆಚ್ಚುಕಡಿಮೆ ಅದೇ ಕಥೆ, ಜೊತೆಗೆ ಕೈಬರಹ ಯಾರಿಗೂ ಓದಲಾಗದಷ್ಟು ಕೆಟ್ಟದು. ಅಪ್ಪ ಮಲ್ಪೆಯಲ್ಲಿ ಟ್ರಾಲ್ ಬೋಟಿಗೆ ಹೋಗುವವರು. ಅಂಥ ಅಪ್ಪಂದಿರು ಪೋಷಕರ ಸಭೆಗೆ ಸಿಗುವುದಿಲ್ಲ. ಆದರೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟು ದಡದಲ್ಲಿ, ಅಪ್ಪ ಮನೆಯಲ್ಲಿ. ಶಾಲೆ ಶುರುವಾಗುವುದೂ ಆಗಲೇ. ಈಗ ನಾನು ಇಂಥ ಮಾತುಕತೆಯನ್ನೆಲ್ಲ ಜೂನ್‌ನಲ್ಲೇ ಮುಗಿಸುತ್ತೇನೆ, ಅದೂ ಮನೆಗೇ ಹೋಗಿ, ಅದೂ ಹುಡುಗ ಎಂಟನೇ ತರಗತಿಯಲ್ಲಿ ಇರುವಾಗಲೇ.

ಏನಾಗಬೇಕು ಎಂದು ಹುಡುಗನನ್ನೇ ಕೇಳಿದೆ. ಬೋಟಿನ ಇಂಜಿನ್ ಬಿಚ್ಚಿ ಜೋಡಿಸಬೇಕು ಎಂದ. ಹಾಗಾದರೆ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್. ಆ ಟ್ರೇಡಿಗೆ ಹತ್ತನೇ ತರಗತಿಯಲ್ಲಿ ಗಣಿತ, ವಿಜ್ಞಾನ ಓದಿರಬೇಕು. ಇಲೆಕ್ಟ್ರಿಷಿಯನ್‌ಗೂ ಅಷ್ಟೇ. ಪಾಲಿಟೆಕ್ನಿಕ್‌ಗೂ ಗಣಿತ ಬೇಕೇ ಬೇಕು. ಬದಲಿ ವಿಷಯ ಕೊಡಿಸುವಾಗ ಈ ಮಾತನ್ನು ನಮ್ಮಲ್ಲಿ ಎಷ್ಟು ಜನ ಮನೆಯವರಿಗೆ ಹೇಳುತ್ತೇವೆ? ಹುಡುಗಿಯ ಮನೆಯಲ್ಲಿ ನಾನಂತೂ ಹೇಳಿರಲಿಲ್ಲ.

ಹಾಗಾಗಿ ಇವನಿಗೆ ಗಣಿತ ಬಿಡಿಸಲಿಲ್ಲ, ಗಣಿತ ಕಲಿಸುವ ದಾರಿ ಬದಲಿಸಿದೆ. ಚೌಕಳಿ ಪುಸ್ತಕ ಕೊಡಿಸಿ ಒಂದು ಚೌಕಕ್ಕೆ ಒಂದೇ ಅಂಕೆ ಎಂದೆ. ಪ್ಲಸ್ ಮೈನಸ್ ಚಿಹ್ನೆಗೆ ಕೆಂಪು ಪೆನ್ನು. ಬೋರ್ಡಿನಿಂದ ಬರೆದುಕೊಳ್ಳುವುದನ್ನು ಪೂರ್ತಿ ನಿಲ್ಲಿಸಿ, ಲೆಕ್ಕಗಳನ್ನು ದೊಡ್ಡ ಅಕ್ಷರದಲ್ಲಿ ಜೆರಾಕ್ಸ್ ಮಾಡಿ ಕೊಟ್ಟೆ. ಅಭ್ಯಾಸದಲ್ಲಿ ಹತ್ತು ಲೆಕ್ಕ ಇದ್ದರೆ ಅವನಿಗೆ ಮೂರು, ಆದರೆ ಸುಲಭದ ಮೂರಲ್ಲ. ಇಲ್ಲಿ ತುಂಬಾ ಜನ ಎಡವುತ್ತಾರೆ. ಕಡಿಮೆ ಕೊಡುವುದು ಬೇರೆ, ಸುಲಭದ್ದನ್ನೇ ಕೊಡುವುದು ಬೇರೆ.

ಹತ್ತಕ್ಕೆ ಬಂದ ಮೇಲೆ ಸಮಾಂತರ ಶ್ರೇಢಿ ಅವನಿಗೆ ಹತ್ತಿದ್ದು ಮೀನಿನ ಕ್ರೇಟಿನಿಂದ. ತಳದ ಸಾಲಿನಲ್ಲಿ 10 ಕ್ರೇಟು, ಮೇಲೆ 9, ಅದರ ಮೇಲೆ 8. ತುದಿಯಲ್ಲಿ ಒಂದೇ ಬರುವವರೆಗೆ ಪೇರಿಸಿದರೆ ಒಟ್ಟು ಎಷ್ಟು? ಬೆಂಕಿಪೊಟ್ಟಣದಲ್ಲಿ ಕಟ್ಟಿ ತೋರಿಸಿ 55 ಎಂದ. ಅದನ್ನೇ ಅವನ ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ವರ್ಷದ ನಡುವೆ ಶಾಲೆಯಲ್ಲೇ ಮಾಡುವ ಮೌಲ್ಯಮಾಪನದ, ಚಟುವಟಿಕೆ ಎಂದು ಅಂಕ ಕೊಟ್ಟೆ. ತ್ರಿಕೋನಮಿತಿ ಮಾತ್ರ ಕೊನೆಗೂ ಒಗ್ಗಲಿಲ್ಲ. ಅದರ ಹಿಂದೆ ಬಿದ್ದು ದಿನ ಕಳೆಯುವ ಬದಲು ಸಂಖ್ಯಾಶಾಸ್ತ್ರ, ಸಂಭವನೀಯತೆ, ರೇಖಾತ್ಮಕ ಸಮೀಕರಣ ಗಟ್ಟಿ ಮಾಡಿಸಿದೆ.

'ಅವನಿಗೆ ಮೂರು, ನಮ್ಗೆ ಹತ್ತು ಯಾಕೆ ಸರ್?' ಎಂದು ಕ್ಲಾಸಿನಲ್ಲಿ ಗಲಾಟೆ ಆಯಿತು. ಬೇಕಾದವರು ಮೂರೇ ಮಾಡಿ, ಆದರೆ ಪ್ರತಿ ಹೆಜ್ಜೆ ಯಾಕೆ ಅಂತ ಬಾಯಲ್ಲಿ ಹೇಳಬೇಕು ಎಂದೆ. ಎರಡು ದಿನ ಬಂದರು, ಆಮೇಲೆ ಸುಮ್ನೆ ಹತ್ತು ಮಾಡುವುದೇ ವಾಸಿ ಅಂತ ವಾಪಸ್ ಹೋದರು.

ಬರಹಗಾರರ ವಿಷಯ ಸ್ವಲ್ಪ ಜಾಸ್ತಿಯೇ ಹೇಳಬೇಕು. ಪರೀಕ್ಷೆಯಲ್ಲಿ ಅವನಿಗೆ ಬರೆದುಕೊಡಲು ಕೆಳಗಿನ ತರಗತಿಯ ಹುಡುಗ, ಜೊತೆಗೆ ಹೆಚ್ಚುವರಿ ಸಮಯ. ಅಷ್ಟಿದ್ದರೆ ಆಯಿತು ಎಂದುಕೊಂಡಿದ್ದೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಇವನು 'ಎಕ್ಸ್ ಪ್ಲಸ್ ಎರಡರ ವರ್ಗ' ಎಂದ. ಬರೆಯುವ ಹುಡುಗ ಎರಡಕ್ಕೆ ಮಾತ್ರ ವರ್ಗ ಹಾಕಿದ, ಇವನ ಮನಸ್ಸಿನಲ್ಲಿ ಇದ್ದದ್ದು ಇಡೀ ಕಂಸದ ವರ್ಗ. ಲೆಕ್ಕ ಹೇಳಿ ಬರೆಸುವುದು ಬೇರೆಯೇ ವಿದ್ಯೆ, ಅದನ್ನು ನಾನು ಕಲಿಸಿರಲೇ ಇಲ್ಲ. ಆಮೇಲೆ ಇಬ್ಬರನ್ನೂ ದಿನಾ ಸಂಜೆ ಅರ್ಧ ಗಂಟೆ ಕೂರಿಸಿದೆ. 'ಕಂಸ ತೆರೆ, ಕಂಸ ಮುಚ್ಚು, ಮೇಲೆ ಎರಡು' ಅಂತ ತಮ್ಮದೇ ಭಾಷೆ ಮಾಡಿಕೊಂಡರು. ಚಿತ್ರ ಬರೆಸುವುದು ಎಲ್ಲಕ್ಕಿಂತ ಕಷ್ಟ. 'ಎ ಮೇಲೆ, ಬಿ ಎಡಗಡೆ, ಸಿ ಬಲಗಡೆ' ಎಂದು ಸಾವಧಾನವಾಗಿ ಹೇಳಲು ಅವನಿಗೆ ಒಂದು ತಿಂಗಳು ಹಿಡಿಯಿತು.

ಎಲ್ಲರಿಗೂ ಇದೇ ದಾರಿ ಅಂತಲ್ಲ. ಬೌದ್ಧಿಕ ಬೆಳವಣಿಗೆ ನಿಧಾನವಾದ ಇನ್ನೊಬ್ಬ ಹುಡುಗನಿಗೆ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆ, ಸೂಚಿಸಿದೆ. ಅಲ್ಲಿ 5 ವಿಷಯ ಸಾಕು, 5 ವರ್ಷದಲ್ಲಿ 9 ಅವಕಾಶ, ಒಂದೊಂದೇ ವಿಷಯ ಪಾಸು ಮಾಡಿಕೊಂಡು ಹೋಗಬಹುದು. ಅವನು ಈಗ ಎರಡು ಮುಗಿಸಿದ್ದಾನೆ.

ಪಿತ್ರೋಡಿಯ ಹುಡುಗ ಗಣಿತದಲ್ಲಿ ಪಾಸಾದ, ಜಾಸ್ತಿ ಅಂಕವೇನಲ್ಲ. ಈಗ ಐಟಿಐಯಲ್ಲಿದ್ದಾನೆ. ಹೂವಿನ ಹುಡುಗಿ ಹೋದ ತಿಂಗಳು ಫೋನ್ ಮಾಡಿದ್ದಳು. ಸ್ವಸಹಾಯ ಸಂಘದ ಲೆಕ್ಕಪುಸ್ತಕ ಅವಳ ಕೈಗೆ ಬಂದಿದೆಯಂತೆ. 'ಬಡ್ಡಿ ಲೆಕ್ಕ ಬಾಯಲ್ಲಿ ಬರ್ತದೆ ಸರ್, ಬರೆಯಲಿಕ್ಕೆ ಹೇಳಿಕೊಡ್ತೀರಾ?' ಎಂದಳು. ಭಾನುವಾರ ಬಾ, ಚೌಕಳಿ ಪುಸ್ತಕ ಒಂದು ತೆಗೆದುಕೊಂಡು ಬಾ ಎಂದಿದ್ದೇನೆ.