ಕಲ್ಯಾಣ್ ಸ್ಲೋ ಲೋಕಲ್‌ನಲ್ಲಿ ಕೋಡಿಂಗ್-ಡಿಕೋಡಿಂಗ್: ನನ್ನ ಅನುಭವ

ಸರ್ಕಾರಿ ಕೆಲಸದ ಪರೀಕ್ಷೆಗಳ ರೀಸನಿಂಗ್‌ನಲ್ಲಿ ಅಕ್ಷರಗಳನ್ನು ನಂಬರ್ ಲೆಕ್ಕದಲ್ಲಿ ಹಿಂದೆಮುಂದೆ ಸರಿಸಿ ಕೋಡ್ ಮಾಡುವ ಪ್ರಶ್ನೆಗಳು ಬರುತ್ತವೆ, ಅದೇ ಕೋಡಿಂಗ್-ಡಿಕೋಡಿಂಗ್. ಇಂಗ್ಲಿಷ್ ಅಕ್ಷರ 26. ಮುಂಬೈಯ ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕಲ್ಯಾಣ್‌ವರೆಗೆ ಸ್ಲೋ ಲೋಕಲ್ ಟ್ರೇನ್ ನಿಲ್ಲುವ ಸ್ಟೇಷನ್ನೂ 26. ಒಂದೊಂದು ಅಕ್ಷರಕ್ಕೆ ಒಂದೊಂದು ಸ್ಟೇಷನ್, ನನ್ನ ವಿಧಾನ ಅಂದರೆ ಇಷ್ಟೇ. ಇದನ್ನು ಹೇಳಿದಾಗ ಕ್ಲಾಸಿನ ಸರ್ ನಕ್ಕರು, ರೂಮಿನವರು ನಕ್ಕರು. ಘಾಟ್ಕೋಪರ್‌ನಲ್ಲಿ ಹೋಟೆಲ್ ಇಟ್ಟಿರುವ ನಮ್ಮ ಮಾವ ಅಂತೂ 26 ಅಲ್ಲವೋ 25 ಅಂತ ವಾದಕ್ಕೇ ನಿಂತರು. ಅವರು ಮುಂಬೈಗೆ ಬಂದ ಕಾಲದಲ್ಲಿ ನಾಹುರ್ ಸ್ಟೇಷನ್ ಇರಲಿಲ್ಲ, ಇವತ್ತಿಗೂ ಅದನ್ನು ಬಿಟ್ಟೇ ಎಣಿಸುತ್ತಾರೆ. ಈಗ ಸಿಎಚ್‌ಎಸ್‌ಎಲ್ (ಕೇಂದ್ರ ಸರ್ಕಾರದ ಕೆಲಸಗಳಿಗೆ ಎಸ್‌ಎಸ್‌ಸಿ, ಅಂದರೆ ಸ್ಟಾಫ್ ಸೆಲೆಕ್ಷನ್ ಕಮಿಷನ್, ನಡೆಸುವ ಪಿಯುಸಿ ಮಟ್ಟದ ಪರೀಕ್ಷೆ) ರಿಸಲ್ಟ್ ಬಂದಿದೆ, ರೀಸನಿಂಗ್‌ನಲ್ಲಿ 25ಕ್ಕೆ 23-24 ಸರಿ ಬಂದಿದೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಥಾಣೆಯ ಒಂದು ಕ್ಲಾಸಿಗೆ ಹದಿನೆಂಟು ಸಾವಿರದ ಹತ್ತಿರ ಕಟ್ಟಿದ್ದೆ. ಬ್ಯಾಚಿನಲ್ಲಿ ಎಂಬತ್ತು ಜನ. ಕೋಡಿಂಗ್-ಡಿಕೋಡಿಂಗ್‌ಗೆ ಕೊಟ್ಟಿದ್ದು ಎರಡೋ ಮೂರೋ ದಿನ. ಅದರಲ್ಲಿ ಎಲ್ಲರಿಗೂ ಗೊತ್ತಿರುವ 'ಇಜೋಟಿ' ಹೇಳಿಕೊಟ್ಟರು: ಇ 5, ಜೆ 10, ಒ 15, ಟಿ 20, ವೈ 25. ಆಮೇಲೆ ಎದುರುಬದುರು ಜೋಡಿಗಳಿಗೆ (ಎ-ಝೆಡ್, ಬಿ-ವೈ ಹೀಗೆ ಎರಡು ತುದಿಯಿಂದ ಸಮದೂರದವು, ನಂಬರ್ ಕೂಡಿಸಿದರೆ ಯಾವಾಗಲೂ 27) ಐ-ಆರ್ ಇಂಡಿಯನ್ ರೈಲ್ವೇಸ್, ಜಿ-ಟಿ ಜಿಟಿ ರೋಡ್, ಎಚ್-ಎಸ್ ಹೈಸ್ಕೂಲ್. ಎಲ್ಲ ಸರಿ, ಬಾಯಿಪಾಠವೂ ಆಯಿತು. ಆದರೆ ಟೈಮರ್ ಓಡುವಾಗ ಕ್ಯೂ ಎಷ್ಟನೇದು ಅಂದರೆ ಮತ್ತೆ ಒ-ಪಿ-ಕ್ಯೂ ಅಂತ ಬೆರಳು ಮಡಚುವುದೇ. ಅಪ್ಲಿಕೇಶನ್ ಫೀ ಬೇರೆ. ಎಸ್‌ಎಸ್‌ಸಿಗೆ 100 ರೂಪಾಯಿ, ಹೋದರೆ ಹೋಯ್ತು. ರೈಲ್ವೆ ಎನ್‌ಟಿಪಿಸಿಗೆ 500 ಕಟ್ಟಿದರೆ ಮೊದಲ ಪರೀಕ್ಷೆ ಬರೆದವರಿಗೆ 400 ವಾಪಸ್ ಬರುತ್ತದೆ. ಬ್ಯಾಂಕ್ ಪರೀಕ್ಷೆಯ 850 ಮಾತ್ರ ಹೋದದ್ದು ಹೋಯ್ತು. ಕಡೆಗೆ ಕೆಲಸಕ್ಕೆ ಬಂದದ್ದು ಇನ್ನೂರು ಚಿಲ್ಲರೆ ರೂಪಾಯಿಯ ಟ್ರೇನ್ ಪಾಸು, ನೋಡಿ.

ಸಿಎಸ್‌ಎಂಟಿ ಎ, ಮಸ್ಜಿದ್ ಬಿ, ಹೀಗೇ ಹೋಗಿ ಠಾಕುರ್ಲಿ ವೈ, ಕಲ್ಯಾಣ್ ಝೆಡ್. ಇಪ್ಪತ್ತಾರನ್ನೂ ಒಂದೇ ಸಲ ಹಿಡಿಯಬೇಡಿ. ಫಾಸ್ಟ್ ಲೋಕಲ್ ನಿಲ್ಲುವ ಕಡೆ ಮೊದಲು ಗಟ್ಟಿ ಮಾಡಿ: ಬೈಕುಲ್ಲಾ 4, ದಾದರ್ 8, ಕುರ್ಲಾ 11, ಘಾಟ್ಕೋಪರ್ 13, ಥಾಣೆ 19, ಡೊಂಬಿವಲಿ 24, ಕಲ್ಯಾಣ್ 26. ಉಳಿದವು ಇವುಗಳ ಆಚೆಈಚೆ ತಾವಾಗೇ ಕೂರುತ್ತವೆ. ಕ್ಯೂ ಅಂದರೆ ನಾಹುರ್, ಥಾಣೆಗಿಂತ ಎರಡು ಹಿಂದೆ, ಅಂದರೆ 17. ಬೆರಳು ಬೇಡ.

ಎದುರು ಜೋಡಿಗಳೂ ಇಲ್ಲೇ ಸಿಗುತ್ತವೆ. ಆ ತುದಿಯಿಂದ ಎಂಟನೆಯದು ದಾದರ್, ಈ ತುದಿಯಿಂದ ಎಂಟನೆಯದು ಥಾಣೆ, ಎಚ್-ಎಸ್ ಆಯ್ತು. ಮಾಟುಂಗಾ-ಮುಲುಂಡ್ ಐ-ಆರ್. ನಮ್ಮ ಕನ್ನಡದವರಿಗೆ ಎರಡೂ ಗೊತ್ತಿರುವ ಏರಿಯಾ, ಮರೆಯೋ ಮಾತೇ ಇಲ್ಲ. ನಡುವೆ ಎಂ-ಎನ್, ಘಾಟ್ಕೋಪರ್ ಮತ್ತು ವಿಕ್ರೋಲಿ, ಅಕ್ಕಪಕ್ಕ.

ಇನ್ನು ಪ್ಲಸ್ ಅಂದರೆ ಕಲ್ಯಾಣ್ ಕಡೆ ಹೋಗುವ ಡೌನ್ ಟ್ರೇನ್, ಮೈನಸ್ ಅಂದರೆ ಸಿಎಸ್‌ಎಂಟಿ ಕಡೆ ಬರುವ ಅಪ್ ಟ್ರೇನ್. ಆರ್-ಒ-ಎ-ಡಿ ಅನ್ನುವ ಪದಕ್ಕೆ +1, +2, +3, +4 ಕೊಟ್ಟಿದ್ದಾರೆ ಅಂತಿಟ್ಟುಕೊಳ್ಳಿ. ಮುಲುಂಡ್‌ನಿಂದ ಒಂದು ಮುಂದೆ ಥಾಣೆ. ಕಾಂಜುರ್‌ಮಾರ್ಗ್‌ನಿಂದ ಎರಡು, ಭಾಂಡುಪ್ ದಾಟಿ ನಾಹುರ್. ಸಿಎಸ್‌ಎಂಟಿಯಿಂದ ಮೂರು, ಬೈಕುಲ್ಲಾ. ಬೈಕುಲ್ಲಾದಿಂದ ನಾಲ್ಕು, ದಾದರ್. ಉತ್ತರ ಎಸ್-ಕ್ಯೂ-ಡಿ-ಎಚ್. ನನಗೆ ಈಗ ಇದಕ್ಕೆ ಹತ್ತು ಸೆಕೆಂಡ್ ಸಾಕು, ಮೊದಲು ನಲವತ್ತಾದರೂ ಬೇಕಿತ್ತು.

ಓದಲು ಸುಲಭ ಅನ್ನಿಸುತ್ತೆ ಅಲ್ವಾ? ಶುರುವಿನಲ್ಲಿ ಸರಿಯಾಗಿ ಕೈಕೊಟ್ಟಿತು. ಕಾರಣ ಸ್ಟೇಷನ್ ಹೆಸರಿನ ಮೊದಲ ಅಕ್ಷರ. ಮಸ್ಜಿದ್, ಮಾಟುಂಗಾ, ಮುಲುಂಡ್, ಮುಂಬ್ರಾ ನಾಲ್ಕೂ ಎಂ ಇಂದ ಶುರು, ಆದರೆ ನಮ್ಮ ಲೆಕ್ಕದಲ್ಲಿ ಒಂದೂ ಎಂ ಅಲ್ಲ. ದಾದರ್, ದಿವಾ, ಡೊಂಬಿವಲಿ ಯಾವುದೂ ಡಿ ಅಲ್ಲ. ಹೆಸರೂ ಅಕ್ಷರವೂ ಕೂಡಿಬರುವುದು ಕುರ್ಲಾ ಒಂದೇ, ಅದು ಕೆ. ಮಾಕ್ ಟೆಸ್ಟ್‌ನಲ್ಲಿ ಎಂ ನೋಡಿದ ಕೂಡಲೇ ತಲೆ ಮುಲುಂಡ್‌ಗೆ ಓಡುತ್ತಿತ್ತು, ಸ್ಕೋರ್ ಮೊದಲಿಗಿಂತ ಕೆಳಗೆ ಬಿತ್ತು. "ಹೇಳಿದ್ನಲ್ಲ" ಅಂದರು ರೂಮಿನವರು. ಇದಕ್ಕೆ ನಾನು ಕಂಡುಕೊಂಡ ಮದ್ದು ಬಾಯಿಪಾಠ ಅಲ್ಲ. ಡೊಂಬಿವಲಿಯಿಂದ ದಿನಾ ಸ್ಲೋ ಹತ್ತಿದೆ. "ಪುಢೀಲ್ ಸ್ಟೇಷನ್" ಅಂತ ಅನೌನ್ಸ್‌ಮೆಂಟ್ ಬಂದ ತಕ್ಷಣ, ಹೆಸರು ಹೇಳುವ ಮೊದಲೇ, ಅಕ್ಷರ ಮತ್ತು ನಂಬರ್ ಮನಸ್ಸಿನಲ್ಲಿ ಹೇಳಿಕೊಳ್ಳುವುದು. ಫಾಸ್ಟ್ ಬಿಟ್ಟು ಸ್ಲೋದಲ್ಲಿ ಹೋದರೆ ಇಪ್ಪತ್ತು ನಿಮಿಷವೋ ಏನೋ ಜಾಸ್ತಿ ಹಿಡಿಯುತ್ತದೆ, ಆಫೀಸಿನಲ್ಲಿ ಲೇಟ್ ಮಾರ್ಕೂ ಬಿತ್ತು. ಒಂದೂವರೆ ತಿಂಗಳಲ್ಲಿ ಹೆಸರಿನ ಕಾಟ ಬಿಟ್ಟುಹೋಯಿತು.

ಇನ್ನೊಂದು ತೊಡಕು ಕಲ್ಯಾಣ್. ಡಬ್ಲ್ಯೂಗೆ ಐದು ಕೂಡಿಸಿ ಅಂದರೆ ಕೋಪರ್‌ನಿಂದ ಡೊಂಬಿವಲಿ, ಠಾಕುರ್ಲಿ, ಕಲ್ಯಾಣ್, ಆಮೇಲೆ? ಟ್ರೇನ್ ಅಭ್ಯಾಸ ಇರುವವನ ತಲೆ ಅಲ್ಲಿಂದ ವಾಪಸ್ ತಿರುಗಿ ಡೊಂಬಿವಲಿಗೇ ಬರುತ್ತದೆ, ಎಕ್ಸ್ ಅನ್ನುತ್ತದೆ. ಸರಿಯುತ್ತರ ಬಿ. ನಿಜದಲ್ಲಿ ಕಲ್ಯಾಣ್ ಆದ ಮೇಲೆ ಕರ್ಜತ್ ಕಡೆ ವಿಠ್ಠಲವಾಡಿ, ಕಸಾರಾ ಕಡೆ ಶಹಾಡ್. ಅವೆರಡರ ಜಾಗದಲ್ಲೂ ನಾನು ಸಿಎಸ್‌ಎಂಟಿ ಬೋರ್ಡ್ ನೆಟ್ಟುಬಿಟ್ಟೆ. ಕಲ್ಯಾಣ್, ಸಿಎಸ್‌ಎಂಟಿ, ಮಸ್ಜಿದ್. ಬಿ ಬಂತು.

ನಂಬರ್ ಕೋಡಿಂಗ್‌ನಲ್ಲಿ ಜಾಸ್ತಿ ಜನ ಸುಮ್ನೆ ಕೂಡಿಸುತ್ತಾ ಕೂರುತ್ತಾರೆ. ಜಿ-ಒ-ಎ ಅಂದರೆ 7, 15, 1, ಒಟ್ಟು 23. ಪ್ರಶ್ನೆಯಲ್ಲಿ ಈ ಪದಕ್ಕೆ ಕೋಡ್ 58 ಅಂತ ಕೊಟ್ಟಿದ್ದರೆ? 23ಕ್ಕೆ 58 ಸೇರಿಸಿ, 81. ಅದು 27ರ ಮೂರರಷ್ಟು, ಪದದಲ್ಲಿ ಅಕ್ಷರವೂ ಮೂರು. ಅಂದರೆ ಎದುರು ಅಕ್ಷರಗಳನ್ನು ಕೂಡಿಸಿದ್ದಾರೆ. ಈಗ ಪಿ-ಯು-ಎನ್-ಇ ಕೇಳಿದರೆ ಎದುರು ಅಕ್ಷರ ಹುಡುಕಬೇಕಾಗಿಲ್ಲ. ಮೊತ್ತ 56, ನಾಲ್ಕು ಅಕ್ಷರಕ್ಕೆ 108, ಕಳೆದರೆ 52. 58ರ ಬದಲು 69 ಕೊಟ್ಟಿದ್ದರೆ ಮೊತ್ತವನ್ನು ಅಕ್ಷರಗಳ ಸಂಖ್ಯೆಯಿಂದ ಗುಣಿಸಿದ್ದಾರೆ, 26 ಕೊಟ್ಟಿದ್ದರೆ ಅಕ್ಷರಗಳ ಸಂಖ್ಯೆ ಕೂಡಿಸಿದ್ದಾರೆ. ನಾನು ಈ ಕ್ರಮದಲ್ಲೇ ನೋಡುತ್ತೇನೆ. ಮೂರೂ ಅಲ್ಲದಿದ್ದರೆ ಸ್ವರ-ವ್ಯಂಜನಕ್ಕೆ ಬೇರೆ ಬೇರೆ ನಿಯಮ ಇರಬಹುದು, ಅಂಥದ್ದನ್ನು ಕೊನೆಗೆ ಇಟ್ಟುಕೊಳ್ಳಿ.

ನಡುವೆ ಒಂದಿಷ್ಟು ಹುಚ್ಚಾಟವೂ ನಡೆಯಿತು. ನಾನು ಓದಿದ್ದು ಮುನ್ಸಿಪಾಲಿಟಿಯ ಕನ್ನಡ ಶಾಲೆ. ಒಂದು ರಾತ್ರಿ ಹೊಳೆಯಿತು, ನಮ್ಮ ವರ್ಗೀಯ ವ್ಯಂಜನ ಕ ಇಂದ ಮ ವರೆಗೆ ಸರಿಯಾಗಿ 25, ಐದೈದರ ಐದು ಸಾಲು. ಎ ಕ, ಬಿ ಖ ಅಂತ ಬರೆದು ನೋಡಿ. ಸಾಲಿನ ಕೊನೆಯ ಙ, ಞ, ಣ, ನ, ಮ ಎಲ್ಲಿ ಬೀಳುತ್ತವೆ? ಇ, ಜೆ, ಒ, ಟಿ, ವೈ ಮೇಲೆ! ಹದಿನೆಂಟು ಸಾವಿರದ ಇಜೋಟಿ ಒಂದನೇ ಕ್ಲಾಸಿನಲ್ಲಿ ಪುಕ್ಕಟೆ ಸಿಕ್ಕಿತ್ತು. ಯ ಅನ್ನು ಝೆಡ್‌ಗೆ ಕೊಟ್ಟೆ. ಐದರ ಜಿಗಿತಕ್ಕೆ ಇದು ಟ್ರೇನ್‌ಗಿಂತ ಚುರುಕು, ನೇರ ಕೆಳಗಿನ ಸಾಲು ನೋಡಿದರಾಯಿತು. ಆದರೆ ಎದುರು ಜೋಡಿಗೆ ಪ್ರಯೋಜನ ಇಲ್ಲ.

ಬೊರಿವಲಿಯ ಗೆಳೆಯನಿಗೆ ವೆಸ್ಟರ್ನ್ ಲೈನ್ ಹಾಕಿಕೊಟ್ಟೆ. ಚರ್ಚ್‌ಗೇಟ್‌ನಿಂದ ವಿರಾರ್‌ಗೆ 29 ಆಗುತ್ತದೆ, ಅವನನ್ನು ನಾಯ್‌ಗಾಂವ್‌ನಲ್ಲೇ ಇಳಿಸಿಬಿಟ್ಟೆ. ಹಾರ್ಬರ್‌ನವರಿಗೆ ಪನ್ವೇಲ್‌ವರೆಗೆ ಹೋದರೂ 25, ಝೆಡ್ ಸಿಗಲ್ಲ. ತಮಾಷೆ ಅಂದರೆ ಅಲ್ಲೂ ಕುರ್ಲಾ ಹನ್ನೊಂದನೆಯದೇ.

ಪರೀಕ್ಷೆಯಲ್ಲಿ ಏನಾಯಿತು ಅಂತ ಕೇಳುವವರಿಗೆ: ಪಕ್ಕದಲ್ಲಿ ಕೂತವರು ರಫ್ ಶೀಟ್ ಮೇಲೆ ಎ ಇಂದ ಝೆಡ್ ಬರೆದು ಕೆಳಗೆ ನಂಬರ್ ಹಾಕುತ್ತಿದ್ದರು, ಅಷ್ಟರಲ್ಲಿ ನನ್ನದು ಎರಡು ಪ್ರಶ್ನೆ ಮುಗಿದಿತ್ತು. ಕೋಡಿಂಗ್, ಸೀರೀಸ್, ಅನಾಲಜಿ ಎಲ್ಲ ಸೇರಿ ಅಕ್ಷರದ ಪ್ರಶ್ನೆ ಆರೇಳು ಬಂದಿರಬೇಕು. ಒಂದಕ್ಕೆ 2 ಮಾರ್ಕ್ಸ್, ತಪ್ಪಿದರೆ ಅರ್ಧ ಮಾರ್ಕ್ ಹೋಗುತ್ತದೆ. ಉಳಿದ ಸಮಯ ಗಣಿತಕ್ಕೆ ಸಿಕ್ಕಿತು, ನಿಜವಾದ ಲಾಭ ಅದೇ.

ಬ್ಯಾಂಕ್ ಪ್ರಿಲಿಮ್ಸ್‌ಗೆ ಇದೊಂದೇ ಸಾಲದು. ಅಲ್ಲಿ 20 ನಿಮಿಷಕ್ಕೆ 35 ರೀಸನಿಂಗ್. 'ಮೊದಲ ಅಕ್ಷರ ಸ್ವರವಾಗಿ ಕೊನೆಯದು ವ್ಯಂಜನವಾದರೆ ಕೋಡ್ ಅದಲುಬದಲು ಮಾಡಿ' ಅನ್ನುವ ಷರತ್ತಿನ ಸೆಟ್ಟುಗಳಿಗೂ, ವಾಕ್ಯದ ಕೋಡಿಂಗ್‌ಗೂ ಟ್ರೇನ್ ಬೇಕಾಗಲ್ಲ. ಅವಕ್ಕೆ ನಾನು ರಫ್ ಶೀಟ್ ಮಡಚುವ ಒಂದು ರೀತಿ ಇದೆ. ಅದನ್ನು ಸದ್ಯಕ್ಕೆ ಹೇಳಲ್ಲ. ನಮ್ಮ ತಂಗಿ ಈ ಸಲ ಕ್ಲರ್ಕ್ ಪರೀಕ್ಷೆಗೆ ಕೂರುತ್ತಿದ್ದಾಳೆ, ಅವಳದ್ದು ಮುಗಿಯಲಿ.