ಮೈಕ್‌ಗಿಂತ ಮೊದಲು ಕೋಣೆ: ಉಡುಪಿಯಿಂದ ಪಾಡ್‌ಕಾಸ್ಟ್ ಮಾಡುವ ನನ್ನ ಅನುಭವ

ನಾನು ಉಡುಪಿಯಲ್ಲಿ ಕೂತು ಒಂದು ಸಣ್ಣ ಕನ್ನಡ ಪಾಡ್‌ಕಾಸ್ಟ್ ಮಾಡುತ್ತೇನೆ. ಬೆನ್ನಿಗೆ ಯಾವ ಸಂಸ್ಥೆಯೂ ಇಲ್ಲ, ಸ್ಟುಡಿಯೊ ಇಲ್ಲ. ರೆಕಾರ್ಡಿಂಗ್, ಎಡಿಟಿಂಗ್, ಅಪ್‌ಲೋಡ್ ಎಲ್ಲ ನಾನೇ. ಕರಾವಳಿಯ ಹಿರಿಯರ ಜೊತೆಗಿನ ಮಾತುಕತೆ ಅದು. ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಯಕ್ಷಗಾನದ ಹಿಮ್ಮೇಳದವರು, ದೋಣಿ ಕಟ್ಟುವವರು, ಊರಿನ ಸೂಲಗಿತ್ತಿಯರು. ಹೆಚ್ಚಿನವರಿಗೆ ಎಪ್ಪತ್ತು ದಾಟಿದೆ. ಸ್ವರ ಸಣ್ಣದಾಗಿದೆ, ಕೆಲವರಿಗೆ ಹಲ್ಲಿಲ್ಲ. ಮಾತಿನ ಮಧ್ಯೆ ತುಳು, ಕುಂದಾಪ್ರ ಕನ್ನಡ, ಕೊಂಕಣಿ ಬಂದು ಹೋಗುತ್ತಿರುತ್ತದೆ. ಇಂಥವರ ಮಾತು ಬೆಂಗಳೂರಿನಲ್ಲೋ ಬೀದರ್‌ನಲ್ಲೋ ಇರುವ ಕೇಳುಗರಿಗೆ ಅರ್ಥವಾಗಬೇಕು. ಹಾಗಾಗಿ ಸೌಂಡ್ ನನಗೆ ಮೊದಲ ಕೆಲಸ.

ವಿಷಯ ಚೆನ್ನಾಗಿದ್ದರೆ ಸಾಕು, ಸೌಂಡ್ ಹೇಗಿದ್ದರೂ ನಡೆಯುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಸೌಂಡ್ ಕೆಟ್ಟಾಗ ಕೇಳುವವರು ಮೈಕನ್ನು ಬೈಯುವುದಿಲ್ಲ. ಮಾತಾಡಿದವರ ಬಗ್ಗೆಯೇ ಅವರ ಅಭಿಪ್ರಾಯ ಕೆಳಗಿಳಿಯುತ್ತದೆ. ಎರಿನ್ ನ್ಯೂಮನ್ ಮತ್ತು ನಾರ್ಬರ್ಟ್ ಶ್ವಾರ್ಟ್ಸ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2018ರಲ್ಲಿ ಇದನ್ನು ಪರೀಕ್ಷೆ ಮಾಡಿಯೇ ತೋರಿಸಿದರು. ವಿಜ್ಞಾನಿಗಳ ಅದೇ ಭಾಷಣ, ಅದೇ ರೇಡಿಯೊ ಸಂದರ್ಶನ. ಕೆಲವರಿಗೆ ಒಳ್ಳೆಯ ಧ್ವನಿಯಲ್ಲಿ ಕೇಳಿಸಿದರು, ಇನ್ನು ಕೆಲವರಿಗೆ ಧ್ವನಿ ಕೆಡಿಸಿ ಕೇಳಿಸಿದರು. ಕೆಟ್ಟ ಧ್ವನಿ ಕೇಳಿದವರು ಆ ವಿಜ್ಞಾನಿಗೇ ಕಡಿಮೆ ಬೆಲೆ ಕೊಟ್ಟರು, ಅವರ ಸಂಶೋಧನೆಗೂ ಕಡಿಮೆ ಬೆಲೆ ಕೊಟ್ಟರು. ಆಡಿದ ಮಾತಿನಲ್ಲಿ ಒಂದಕ್ಷರ ವ್ಯತ್ಯಾಸ ಇರಲಿಲ್ಲ.

ಪದವಿ ಇರುವ ವಿಜ್ಞಾನಿಗೇ ಹೀಗಾದರೆ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಐವತ್ತು ವರ್ಷ ಒಂದು ಕಸುಬಿನಲ್ಲಿ ಕಳೆದವರ ಗತಿ ಏನು? ಅವರ ಜ್ಞಾನಕ್ಕೆ ಸರ್ಟಿಫಿಕೇಟ್ ಇಲ್ಲ. ಇರುವುದು ಅವರ ಸ್ವರ ಒಂದೇ. ಅದು ಗೊಗ್ಗರಾಗಿ, ಪ್ರತಿಧ್ವನಿ ತುಂಬಿಕೊಂಡು ಕೇಳಿದರೆ ಅವರಿಗೇ ಅನ್ಯಾಯ.

ಇನ್ನು ಜನ ಪಾಡ್‌ಕಾಸ್ಟ್ ಕೇಳುವುದು ಎಲ್ಲಿ ಅಂತಲೂ ನೋಡಬೇಕು. ಉಡುಪಿಯಿಂದ ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನ ಕಿಟಕಿ ಪಕ್ಕ, ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿಕೊಂಡು. ಅಡುಗೆಮನೆಯಲ್ಲಿ ಫೋನನ್ನು ಡಬ್ಬಕ್ಕೆ ಒರಗಿಸಿಟ್ಟು, ಒಗ್ಗರಣೆ ಸದ್ದಿನ ಜೊತೆ. ವಿಡಿಯೊದಲ್ಲಾದರೆ ತುಟಿ ನೋಡಿ ಅರ್ಧ ಮಾತು ಊಹಿಸಬಹುದು. ಇಲ್ಲಿ ಆ ಅನುಕೂಲ ಇಲ್ಲ.

ಹೊಸದಾಗಿ ಶುರು ಮಾಡುವವರು ನನ್ನಲ್ಲಿ ಕೇಳುವ ಮೊದಲ ಪ್ರಶ್ನೆ, "ಯಾವ ಮೈಕ್ ತಗೊಳ್ಳಲಿ?" ನಾನು ತಿರುಗಿ ಕೇಳುವುದು, "ಯಾವ ಕೋಣೆಯಲ್ಲಿ ಕೂರ್ತೀರಿ?" ನಮ್ಮ ಕಡೆಯ ಮನೆಗಳು ರೆಕಾರ್ಡಿಂಗ್‌ಗೆ ಕಷ್ಟದವು. ರೆಡ್ ಆಕ್ಸೈಡ್ ನೆಲ ಅಥವಾ ಟೈಲ್ಸ್, ಗಾರೆ ಮಾಡಿದ ಗೋಡೆ, ಕಡಿಮೆ ಸಾಮಾನು, ದೊಡ್ಡ ಕಿಟಕಿ. ಸೆಕೆಗೆ ಒಳ್ಳೆಯದು, ಸೌಂಡಿಗಲ್ಲ. ಮಾತು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಕೋಣೆಯ ಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿ. ಚಪ್ಪಾಳೆಯ ಹಿಂದೆಯೇ "ಝಿಣ್" ಅಂತ ಬಾಲದಂತೆ ಒಂದು ಸದ್ದು ಬಂದರೆ ಆ ಕೋಣೆ ಬೇಡ.

ನಾನು ಆರಿಸಿಕೊಂಡದ್ದು ಮನೆಯ ಒಳಗಿನ ಸಣ್ಣ ಕೋಣೆ. ನಮ್ಮ ಮನೆ ಅಂಬಲಪಾಡಿ ಕಡೆ, ಹೆದ್ದಾರಿ 66 ದೂರವೇನಲ್ಲ. ಮುಂದಿನ ಕೋಣೆಗಳಲ್ಲಿ ಲಾರಿ ಸದ್ದು ಬಿಡುವುದೇ ಇಲ್ಲ. ಒಳಕೋಣೆಯಲ್ಲಿ ಬಟ್ಟೆಯ ಕಪಾಟು ಇದೆ. ಅದರ ಎರಡೂ ಬಾಗಿಲು ತೆರೆದಿಟ್ಟು, ಸೀರೆ ಕಂಬಳಿಗಳಿಗೆ ಮುಖ ಮಾಡಿ ಕೂರುತ್ತೇನೆ. ಬೆನ್ನ ಹಿಂದೆ ಹತ್ತಿ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸುತ್ತೇನೆ. ಮೇಜಿನ ಮೇಲೆ ದಪ್ಪ ಟವೆಲ್, ಕಾಲಡಿಗೆ ಜಮಖಾನ. ಖರ್ಚು ಏನೂ ಇಲ್ಲ. ಮೊಟ್ಟೆ ಟ್ರೇ ಅಂಟಿಸಿದರೆ ಸಾಕು ಅನ್ನುವವರಿದ್ದಾರೆ, ಅದರಿಂದ ಹೇಳುವಂಥ ಪ್ರಯೋಜನ ಇಲ್ಲ. ಸದ್ದನ್ನು ಹೀರಿಕೊಳ್ಳಲು ದಪ್ಪ ಬೇಕು, ತೂಕ ಬೇಕು. ತೆಳ್ಳಗಿನ ರಟ್ಟಿಗೆ ಅದು ಆಗುವ ಕೆಲಸವಲ್ಲ.

ಕೋಣೆಯ ನಂತರ ದೂರ. ಬಾಯಿಗೂ ಮೈಕ್‌ಗೂ ಇರುವ ದೂರ ಅರ್ಧಕ್ಕಿಳಿದರೆ ನೇರ ಧ್ವನಿ ಸುಮಾರು 6 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಏರುತ್ತದೆ. ಕೋಣೆಯ ಪ್ರತಿಧ್ವನಿ ಮಾತ್ರ ಇದ್ದಲ್ಲೇ ಇರುತ್ತದೆ. ಅಂದರೆ ಒಂದು ಗೇಣು ಮುಂದೆ ಸರಿದರೆ ಸಾಕು, ಸಾವಿರಾರು ರೂಪಾಯಿಯ ಸಾಮಾನು ಮಾಡುವ ಕೆಲಸ ಸುಮ್ನೆ ಆಗಿಬಿಡುತ್ತದೆ. ಬಾಯಿಂದ ಒಂದು ಮುಷ್ಟಿ, ಜಾಸ್ತಿ ಅಂದರೆ ಒಂದು ಗೇಣು. ಮೈಕ್ ಬಾಯಿಯ ನೇರಕ್ಕೆ ಬೇಡ, ಸ್ವಲ್ಪ ಓರೆಗಿರಲಿ. ಇಲ್ಲದಿದ್ದರೆ ಪ, ಫ, ಭ ಬಂದಾಗಲೆಲ್ಲ ಗಾಳಿ ನೇರ ಬಂದು ಬಡಿಯುತ್ತದೆ.

ಮೈಕ್ ವಿಷಯ ಕಡೆಗೆ. ಮನೆಯಲ್ಲಿ ಬಳಸುವುದು ಯುಎಸ್‌ಬಿ ಇರುವ ಡೈನಮಿಕ್ ಮೈಕ್, ಸ್ಯಾಮ್ಸನ್ ಕ್ಯೂ2ಯು. ಕಂಡೆನ್ಸರ್ ಮೈಕ್ ಸೂಕ್ಷ್ಮ. ಸ್ಟುಡಿಯೊದಲ್ಲಿ ಅದು ಚಂದ. ನಮ್ಮಂಥ ಮನೆಯಲ್ಲಿ ಅದು ಪಕ್ಕದ ಮನೆಯ ಮಿಕ್ಸಿ, ತೆಂಗಿನ ಮರದ ಕಾಗೆ, ಮೀನಿನವರ ಹಾರ್ನ್ ಎಲ್ಲವನ್ನೂ ಹಿಡಿದುಕೊಂಡು ಬರುತ್ತದೆ. ಡೈನಮಿಕ್ ಹತ್ತಿರದ್ದನ್ನು ಕೇಳುತ್ತದೆ, ದೂರದ್ದನ್ನು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ. ಮಳೆಗಾಲದ ತೇವಕ್ಕೂ ಅದು ಗಟ್ಟಿ. ಹೊರಗೆ ಹೋಗುವಾಗ ಸಣ್ಣ ಹ್ಯಾಂಡಿ ರೆಕಾರ್ಡರ್ ಮತ್ತು ಬೋಯಾ ಬಿವೈ-ಎಂ1 ಕಾಲರ್ ಮೈಕ್. ಅದರ ವೈರ್ 6 ಮೀಟರ್ ಇದೆ, ಹಾಗಾಗಿ ಹಿರಿಯರು ತಮ್ಮ ಮಾಮೂಲಿ ಕುರ್ಚಿಯಲ್ಲೇ ಕೂರಬಹುದು. ನನ್ನ ಪ್ರಶ್ನೆಗಳಿಗೆ ಇನ್ನೊಂದು ಕಾಲರ್ ಮೈಕ್, ಅದು ನನ್ನ ಫೋನಿಗೆ. ಎರಡು ಬೇರೆ ಬೇರೆ ಫೈಲ್. ಆಮೇಲೆ ಹೊಂದಿಸಲು ಸುಲಭವಾಗಲಿ ಅಂತ ಶುರುವಿನಲ್ಲಿ ಒಂದು ಚಪ್ಪಾಳೆ.

ಒಂದು ರೆಕಾರ್ಡಿಂಗ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ಆವೆಮಣ್ಣು ನಂಬಿಕೊಂಡು ಒಂದರ ಹಿಂದೆ ಒಂದು ಕಾರ್ಖಾನೆ ಬಂತು. ಅಂಥ ಒಂದು ಕಾರ್ಖಾನೆಯಲ್ಲಿ ಜೀವಮಾನ ಕಳೆದ ಅಜ್ಜನೊಬ್ಬರ ಜೊತೆ ಮಾತಾಡುತ್ತಿದ್ದೆ. ಸುಟ್ಟ ಹಂಚು ಒಳ್ಳೆಯದೋ ಅಲ್ಲವೋ ಅಂತ ಹೇಗೆ ತಿಳಿಯುತ್ತಿದ್ದಿರಿ ಅಂತ ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಎದ್ದು ಹಿತ್ತಿಲಿಗೆ ಹೋಗಿ ಎರಡು ಹಂಚು ತಂದರು. ಒಂದನ್ನು ಬೆರಳ ತುದಿಯಲ್ಲಿ ನೇತಾಡಿಸಿ ಹಿಡಿದು, ಬೆರಳ ಗಂಟಿನಿಂದ ತಟ್ಟಿದರು. ಕಂಚಿನಂತೆ "ಟಣ್" ಅಂದಿತು. ಸದ್ದು ಕ್ಷಣ ಹೊತ್ತು ನಿಂತಿತು. ಇನ್ನೊಂದನ್ನು ತಟ್ಟಿದರು. "ಟಪ್" ಅಂತ ಅಲ್ಲೇ ಸತ್ತಿತು.

"ಇದು ಸರಿ ಬೆಂದದ್ದು ಮಾರಾಯ್ರೆ. ಸ್ವರ ಕೇಳಿ" ಅಂದರು.

ಇಡೀ ಕಂತಿನಲ್ಲಿ ಇದಕ್ಕಿಂತ ದೊಡ್ಡ ವಿಷಯ ಇರಲಿಲ್ಲ. ಅವರ ವಿದ್ಯೆ ಇರುವುದೇ ಆ ಎರಡು ಸದ್ದಿನ ನಡುವೆ. ಆದರೆ ತುಂಬಾ ಫೋನ್‌ಗಳ ರೆಕಾರ್ಡರ್ ಮಾತನ್ನು ಉಳಿಸಿ ಉಳಿದದ್ದನ್ನು ಒರೆಸಲು ನೋಡುತ್ತದೆ. ಹಂಚಿನ ಝೇಂಕಾರವೂ ಅದಕ್ಕೆ ಗಲಾಟೆಯೇ. ಸೌಂಡನ್ನು ತಾನೇ ಏರಿಸಿ ಇಳಿಸುವ ಆಟೋ ಲೆವೆಲ್ ಇದ್ದರಂತೂ ಮೊದಲ ಪೆಟ್ಟಿಗೇ ಸೌಂಡ್ ತಗ್ಗಿಸಿ, ಹಿಂದಿನ ನಾದವನ್ನು ನುಂಗಿಹಾಕುತ್ತದೆ. ಆ ಹಂಚಿಗೆ ನಾನು ಕಾಲರ್ ಮೈಕ್ ಬಳಸಲಿಲ್ಲ. ರೆಕಾರ್ಡರಿನ ಸ್ವಂತ ಮೈಕನ್ನು ಒಂದು ಮೊಳ ದೂರದಲ್ಲಿ ಹಿಡಿದೆ. ಆಟೋ ಲೆವೆಲ್ ಆಫ್. ರೆಕಾರ್ಡರಿನಲ್ಲಿ ಸೊನ್ನೆ ದಾಟಿದರೆ ಸದ್ದು ಒಡೆಯುತ್ತದೆ, ಹಾಗಾಗಿ ಜೋರಾದ ಪೆಟ್ಟು ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವಷ್ಟು ಗೇನ್, ಅಂದರೆ ಮೈಕ್ ಸದ್ದನ್ನು ಏರಿಸುವ ಪ್ರಮಾಣ, ಇಳಿಸಿದೆ. ಫೈಲ್ 24 ಬಿಟ್ ವೇವ್, ಅಂದರೆ ಸೌಂಡ್ ಹಿಂಡದ ಫೈಲ್. ಫ್ಯಾನ್ ಆಫ್ ಮಾಡಿಸಿ, ಒಮ್ಮೆ ಸುಮ್ಮನೆ ಕೂತು, ಮತ್ತೆ ತಟ್ಟಿಸಿದೆ. ಆ ಕಂತು ಕೇಳಿದ ಎಷ್ಟೋ ಜನ ತಮ್ಮ ಮನೆಯ ಹಂಚು ತಟ್ಟಿ ನೋಡಿದೆವು ಅಂತ ಬರೆದರು. ಸೌಂಡ್ ಕೆಟ್ಟಿದ್ದರೆ ಇದು ಆಗುತ್ತಿತ್ತಾ?

ಹಿಮ್ಮೇಳದವರ ಜೊತೆ ಕಷ್ಟ ಬೇರೆ ಥರದ್ದು. ಮದ್ದಳೆಗಾರರು ಮಾತಾಡುತ್ತಾ ಇದ್ದಕ್ಕಿದ್ದಂತೆ ಮದ್ದಳೆ ಮೇಲೆ ಕೈಯಿಟ್ಟು ನುಡಿಸಿ ತೋರಿಸುತ್ತಾರೆ. ಮಾತು ಮೆಲ್ಲಗೆ, ಪೆಟ್ಟು ಜೋರು. ನಾನು ಮೊದಲೇ ಒಂದು ಸಲ ನುಡಿಸಿ ಅಂತ ಕೇಳಿ, ಆ ಜೋರಿಗೆ ಲೆವೆಲ್ ಇಡುತ್ತೇನೆ. ಮಾತು ಸಣ್ಣದಾಗಿ ಬಂದರೆ ಆಮೇಲೆ ಏರಿಸಬಹುದು. ಪೆಟ್ಟು ಒಡೆದುಹೋದರೆ ಯಾವ ಸಾಫ್ಟ್‌ವೇರೂ ಸರಿಮಾಡಿ ಕೊಡುವುದಿಲ್ಲ. ಚಂಡೆಗಾದರೆ ಅಂಗಳದ ಆಚೆ ಹೋಗಿ ನಿಲ್ಲುವುದೇ ಸರಿ.

ಹೊತ್ತು ನೋಡುವುದೂ ಇಲ್ಲಿ ಒಂದು ವಿದ್ಯೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಹಂಚಿನ ಮಾಡಿನ ಮೇಲೆ ಬೀಳುವ ಮಳೆಯನ್ನು ಹೇಗಾದರೂ ಸುಧಾರಿಸಬಹುದು, ತಗಡಿನ ಶೀಟ್ ಮೇಲಿನದ್ದನ್ನು ಆಗುವುದಿಲ್ಲ. ಮಳೆಯ ಸದ್ದು ಕೆಳಗಿನ ಸ್ವರದಿಂದ ಮೇಲಿನ ತನಕ ಎಲ್ಲ ಕಡೆ ಹರಡಿರುತ್ತದೆ. ಅದನ್ನು ತೆಗೆಯಲು ಹೋದರೆ ಮಾತೂ ಜೊತೆಗೇ ಹೋಗುತ್ತದೆ. ಇನ್ನು ದೀಪಾವಳಿ ಕಳೆದರೆ ಯಕ್ಷಗಾನದ ಆಟ, ದೈವಗಳ ಕೋಲ, ನೇಮ, ಮೈಕಾಸುರ. ಇವೆಲ್ಲ ಆ ವರ್ಷಕ್ಕೆ ಮುಗಿಯುವ ದಿನವಾದ ಮೇ ಕೊನೆಯ ಪತ್ತನಾಜೆ ತನಕ ರಾತ್ರಿ ಹೊತ್ತು ಮೌನ ಸಿಗುವುದು ಅಪರೂಪ. ಬೆಳಿಗ್ಗೆ ಕಾಗೆ ಮತ್ತು ಮೀನಿನ ಗಾಡಿ. ನನಗೆ ಹೊಂದಿದ್ದು ಮಧ್ಯಾಹ್ನದ ಊಟದ ನಂತರ, ಊರು ಮಲಗುವ ಹೊತ್ತು. ಹಿರಿಯರಿಗೂ ನಿದ್ದೆ ಬರುವ ಹೊತ್ತು ಅದು, ಹಾಗಾಗಿ ಒಂದು ಲೋಟ ಚಹಾ ಮೊದಲು.

ಅವರ ಮನೆಯಲ್ಲಿ ಫ್ಯಾನ್, ಫ್ರಿಜ್ ಎರಡೂ ಬಂದ್ ಮಾಡಲು ಅಪ್ಪಣೆ ಕೇಳುತ್ತೇನೆ. ಮತ್ತೆ ಆನ್ ಮಾಡಲು ಮರೆಯಬಾರದು ಅಂತ ನನ್ನ ಸ್ಕೂಟರಿನ ಕೀ ಫ್ರಿಜ್ ಒಳಗೆ ಇಡುತ್ತೇನೆ. ಕರೆಂಟು ಹೋಗಿ ಇನ್ವರ್ಟರ್ ಬಂದರೆ "ಗುಂಯ್" ಶುರುವಾಗುತ್ತದೆ. ಆಗ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ನಡೆಸುವುದು ಒಳ್ಳೆಯದು. ಮಳೆಗಾಲದಲ್ಲಿ ಮೈಕ್‌ಗಳೆಲ್ಲ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಟ್ಟಿ ಮುಚ್ಚಳದ ಡಬ್ಬದಲ್ಲಿ. ಇಲ್ಲದಿದ್ದರೆ ಬೂಸಲು ಹಿಡಿಯುತ್ತದೆ.

ಮುಂಬೈ, ದುಬೈನಲ್ಲಿರುವ ಊರಿನವರ ಜೊತೆ ಮಾತಾಡುವಾಗ ಕರೆಯನ್ನು ರೆಕಾರ್ಡ್ ಮಾಡುವುದಿಲ್ಲ. ಅವರು ಇಯರ್‌ಫೋನಿನಲ್ಲಿ ನನ್ನನ್ನು ಕೇಳುತ್ತಾ, ತಮ್ಮ ಮಾತನ್ನು ಇನ್ನೊಂದು ಫೋನಿನಲ್ಲಿ ತಾವೇ ರೆಕಾರ್ಡ್ ಮಾಡುತ್ತಾರೆ. ಮುಗಿದ ಮೇಲೆ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಕೇಳುತ್ತೇನೆ. ವಾಯ್ಸ್ ಮೆಸೇಜ್ ಆಗಿ ಕಳಿಸಿದರೆ ಧ್ವನಿ ಹಿಂಡಿಹೋಗಿರುತ್ತದೆ.

ಎಡಿಟಿಂಗ್‌ಗೆ ಅಡಾಸಿಟಿ ಅನ್ನುವ ಸಾಫ್ಟ್‌ವೇರ್, ಅದು ಉಚಿತ. ಮೊದಲು 80 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ಸದ್ದನ್ನು ಕತ್ತರಿಸುತ್ತೇನೆ. ಲಾರಿಯ ಗುಡುಗು, ನಮ್ಮ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಅಲ್ಲೇ ತುಂಬಾ ಇಳಿಯುತ್ತದೆ. ಆಮೇಲೆ ಬೇಕಿದ್ದರೆ ಮಾತ್ರ ನಾಯ್ಸ್ ರಿಡಕ್ಷನ್, ಅಂದರೆ ಹಿಂದಿನ ಸದ್ದು ತಗ್ಗಿಸುವುದು. ಇದಕ್ಕೆ ಕೋಣೆಯ ಬರಿ ಸದ್ದಿನ ಮಾದರಿ ಬೇಕು. ಅದಕ್ಕೇ ರೆಕಾರ್ಡಿಂಗ್ ಶುರುವಿನಲ್ಲಿ ಅರ್ಧ ನಿಮಿಷ ಯಾರೂ ಮಾತಾಡದೆ ಕೂರುವುದು. 6 ಡೆಸಿಬೆಲ್ ತೆಗೆದರೆ ಸಾಕು. ಜಾಸ್ತಿ ತೆಗೆದರೆ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಹಿಂದಿನ ಸಣ್ಣ ಸದ್ದು ಉಳಿಯಲಿ, ಸ್ವರ ಕೆಡುವುದು ಬೇಡ.

ಹಿರಿಯರ ಮಾತಿನ ನಡುವಿನ ಮೌನವನ್ನು ನಾನು ಕತ್ತರಿಸುವುದಿಲ್ಲ. ಕತ್ತರಿಸಿ ಬಿಗಿ ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ಯುವಕರ ಹರಟೆಗೆ ಅದು ಸರಿ. ಎಂಬತ್ತರ ಅಜ್ಜಿ ಹೆಸರು ನೆನಪಿಸಿಕೊಳ್ಳಲು ತೆಗೆದುಕೊಂಡ ಹೊತ್ತು ಕೂಡ ಆ ಮಾತಿನ ಭಾಗವೇ, ಅಲ್ವಾ?

ಕೊನೆಗೆ ಲೌಡ್‌ನೆಸ್. ಆ್ಯಪಲ್ ಪಾಡ್‌ಕಾಸ್ಟ್ಸ್ ಹೇಳುವುದು ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಸರಾಸರಿ ಜೋರಿನ ಅಳತೆ), ಪೀಕ್, ಅಂದರೆ ಅತಿ ಜೋರಾದ ಕ್ಷಣ, ಮೈನಸ್ 1 ಡೆಸಿಬೆಲ್ ದಾಟಬಾರದು ಅಂತ. ಅಡಾಸಿಟಿಯ ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ ಮೈನಸ್ 16 ಹಾಕಿದರೆ ಲೌಡ್‌ನೆಸ್ ಹೊಂದುತ್ತದೆ, ಪೀಕ್ ತಡೆಯಲು ಲಿಮಿಟರ್ ಬೇಕು. ಹಾಗೆ ಮಾಡದಿದ್ದರೆ ಒಂದು ಕಂತು ಮೆಲ್ಲಗೆ, ಇನ್ನೊಂದು ಕಿವಿ ಹರಿಯುವಷ್ಟು ಜೋರು. ಬಸ್ಸಿನಲ್ಲಿ ಕೂತವರು ಪ್ರತಿ ಸಲ ವಾಲ್ಯೂಮ್ ಒತ್ತಬೇಕು. ಬರಿ ಮಾತಿನ ಕಂತಿಗೆ 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಮೋನೊ, ಅಂದರೆ ಒಂದೇ ಚಾನೆಲ್‌ನ, ಎಂಪಿ3 ಸಾಕು, ಗಂಟೆಗೆ ಸುಮಾರು 29 ಎಂಬಿ. ಹಂಚು, ಮದ್ದಳೆ ಇರುವ ಕಂತಿಗೆ 128 ಇಡುತ್ತೇನೆ. ಬಿಡುವ ಮೊದಲು ಇಡೀ ಕಂತನ್ನು ಹಳೆಯ ಫೋನಿನ ಸ್ಪೀಕರ್‌ನಲ್ಲಿ, ಫ್ಯಾನ್ ಹಾಕಿಕೊಂಡು ಒಮ್ಮೆ ಕೇಳುತ್ತೇನೆ. ಅಲ್ಲಿ ಮಾತು ತಿಳಿದರೆ ಎಲ್ಲ ಕಡೆ ತಿಳಿಯುತ್ತದೆ.

1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿ ಕೇಳಿಕೊಂಡು ಬಂದ ಕಿವಿಗಳು ನಮ್ಮ ಹಿರಿಯರದ್ದು. "ರೇಡಿಯೊದ ಹಾಗೆ ಕೇಳ್ತದಾ?" ಅಂತ ಅವರು ಕೇಳಿಯೇ ಕೇಳುತ್ತಾರೆ. ಐದು ನಿಮಿಷ ರೆಕಾರ್ಡ್ ಮಾಡಿ, ಹೆಡ್‌ಫೋನ್ ಅವರ ಕಿವಿಗೆ ಹಾಕಿ ಕೇಳಿಸುತ್ತೇನೆ. ತಮ್ಮ ಸ್ವರ ಅಷ್ಟು ಹತ್ತಿರದಿಂದ ಕೇಳಿದ ಮೇಲೆ ಅವರು ಕೂರುವ ರೀತಿಯೇ ಬದಲಾಗುತ್ತದೆ. ಮೈಕ್‌ನಿಂದ ದೂರ ಸರಿಯುವುದಿಲ್ಲ, ನಾನು ಹೇಳಬೇಕಾಗಿಯೂ ಬರುವುದಿಲ್ಲ.

ಇನ್ನೊಂದು ಅಭ್ಯಾಸ. ಪ್ರತಿ ರೆಕಾರ್ಡಿಂಗ್ ಮೊದಲಿಗೆ ಅವರ ಹೆಸರು, ಊರು, ತಾರೀಕನ್ನು ಅವರ ಬಾಯಿಂದಲೇ ಹೇಳಿಸುತ್ತೇನೆ. ಫೈಲಿನ ಹೆಸರು ಯಾರಾದರೂ ಬದಲಾಯಿಸಿದರೂ ಒಳಗೆ ಗುರುತು ಇರುತ್ತದೆ. ಎಡಿಟ್ ಮಾಡದ ಪೂರ್ತಿ ವೇವ್ ಫೈಲ್ ಎರಡು ಹಾರ್ಡ್ ಡಿಸ್ಕಿನಲ್ಲಿ ಇಡುತ್ತೇನೆ, ಮೂರನೆಯ ಪ್ರತಿ ಪೆನ್‌ಡ್ರೈವ್‌ನಲ್ಲಿ ಅವರ ಮನೆಯವರ ಕೈಗೆ. 48 ಕಿಲೋಹರ್ಟ್ಸ್, 24 ಬಿಟ್ ಮೋನೊ ಆದರೆ ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ. 16 ಜಿಬಿ ಪೆನ್‌ಡ್ರೈವ್ ಧಾರಾಳ ಸಾಕು.